ಅಂಗಾಲಿನ ಮಚ್ಚೆಯನ್ನು ಓದುವ ಮಸೂರ

ಮಚ್ಚೆ ಎಂದೊಡನೆ ನಮ್ಮ ಗಮನ ಹೋಗುವುದು ಮುಖಕ್ಕೆ. ಬೆಂಗಳೂರಿನ ಇಂದಿರಾನಗರದ ಬ್ಯೂಟಿ ಕ್ಲಿನಿಕ್‌ಗಳಲ್ಲಿ ಸುಡಿಸಿಕೊಳ್ಳುವುದೂ ಕೆನ್ನೆ, ಮೂಗಿನ ಮೇಲಿನದ್ದನ್ನೇ. ಆದರೆ ನಮ್ಮ ಮೈಬಣ್ಣದವರಲ್ಲಿ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಹೆಚ್ಚಾಗಿ ಅಡಗುವುದು ಅಂಗಾಲು, ಅಂಗೈ, ಉಗುರಿನಡಿಯಲ್ಲಿ. ಹಲಸೂರು ಸೋಮೇಶ್ವರನ ಗುಡಿಯ ಮುಂದೆ ಚಪ್ಪಲಿ ಬಿಟ್ಟು ಒಳಗೆ ಹೋಗುವ ನಾವು ಅಂಗಾಲನ್ನು ತಿರುಗಿಸಿ ನೋಡುವುದು ಮುಳ್ಳು ಚುಚ್ಚಿದಾಗ ಮಾತ್ರ.

ಚರ್ಮಕ್ಕೆ ಬಣ್ಣ ಕೊಡುವ ಮೆಲನೋಸೈಟ್ ಕೋಶಗಳು ಒಂದೆಡೆ ಗುಂಪುಗೂಡಿದರೆ ಮಚ್ಚೆ. ಮೈಮೇಲೆ 10ರಿಂದ 40 ಮಚ್ಚೆಗಳಿರುವುದು ಸಹಜ. ಅವೇ ಕೋಶಗಳು ಲಂಗುಲಗಾಮಿಲ್ಲದೆ ಬೆಳೆದರೆ ಮೆಲನೋಮಾ. ಬಿಳಿಯರಲ್ಲಿ ಇದಕ್ಕೆ ಮುಖ್ಯ ಕಾರಣ ಬಿಸಿಲು. ನಮಗೆ ಈ ಕೋಶಗಳು ತಯಾರಿಸುವ ಮೆಲನಿನ್ ಎಂಬ ಬಣ್ಣದ್ರವ್ಯದ ರಕ್ಷಣೆ ಇರುವುದರಿಂದ ಕಾಯಿಲೆ ಅಪರೂಪ. ಅಂಗಾಲಿನ ಮೆಲನೋಮಾಕ್ಕೆ ಬಿಸಿಲಿನ ಹಂಗಿಲ್ಲ, ಹಾಗಾಗಿ ಕಪ್ಪು ಚರ್ಮವೂ ಅದನ್ನು ತಡೆಯದು. ಗಾಯಕ ಬಾಬ್ ಮಾರ್ಲಿಯ ಕಾಲ್ಬೆರಳಿನ ಉಗುರಿನಡಿ 1977ರಲ್ಲಿ ಪತ್ತೆಯಾದದ್ದು ಇದೇ. 1981ರಲ್ಲಿ, 36ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಒಳ್ಳೆಯ ಮಚ್ಚೆ, ಕೆಟ್ಟ ಮಚ್ಚೆ ಬರಿಗಣ್ಣಿಗೆ ಒಂದೇ ಥರ ಕಾಣಬಹುದು. ಬರಿಗಣ್ಣಿಗೆ ಅಡ್ಡಿ ಚರ್ಮದ ಹೊಳಪು. ಚರ್ಮವೈದ್ಯರ ಅಂಗೈಯಲ್ಲಿ ಹಿಡಿಸುವ ಡರ್ಮೋಸ್ಕೋಪ್ ಆ ಹೊಳಪನ್ನೇ ಕಳೆಯುತ್ತದೆ. ಅದರ ದೀಪದ ಬೆಳಕು ಧ್ರುವೀಕೃತ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವಂಥದ್ದು. ಮೇಲ್ಪದರಕ್ಕೆ ತಾಗಿ ಮರಳುವ ಬೆಳಕಿನ ದಿಕ್ಕು ಬದಲಾಗದು, ಅಡ್ಡಲಾಗಿಟ್ಟ ಶೋಧಕ ಅದನ್ನು ತಡೆಯುತ್ತದೆ. ಒಳಹೊಕ್ಕು ಚದುರಿದ ಬೆಳಕು ದಿಕ್ಕು ಕಳೆದುಕೊಂಡು ಬರುವುದರಿಂದ ಶೋಧಕವನ್ನು ದಾಟಿ ಕಣ್ಣಿಗೆ ಮುಟ್ಟುತ್ತದೆ. ಸುಮಾರು 10 ಪಟ್ಟು ಹಿಗ್ಗಿದ ಆ ನೋಟದಲ್ಲಿ ಮೆಲನಿನ್ ಮೇಲಿದ್ದರೆ ಕಪ್ಪು, ಕೊಂಚ ಕೆಳಗೆ ಕಂದು, ಆಳದಲ್ಲಿ ಬೂದುನೀಲಿ.

ಅಂಗಾಲಿನಲ್ಲಿ ಇದರ ಚಮತ್ಕಾರ ನೋಡಬೇಕು. ಅಲ್ಲಿಯ ಚರ್ಮ ಉತ್ತ ಹೊಲದ ಹಾಗೆ ದಿಂಡು, ಸಾಲು. ನಿರುಪದ್ರವಿ ಮಚ್ಚೆಯ ಬಣ್ಣ ಸಾಮಾನ್ಯವಾಗಿ ಸಾಲಿನಲ್ಲಿ ಹರಿದಿರುತ್ತದೆ, ಮೆಲನೋಮಾದ್ದು ದಿಂಡಿನ ಮೇಲೆ. ದಿಂಡು ಯಾವುದೆಂದು ತಿಳಿಸುವುದು ಅದರ ನಡುವೆ ಬಿಳಿಚುಕ್ಕಿಗಳಾಗಿ ಕಾಣುವ ಬೆವರಿನ ರಂಧ್ರಗಳು. ಇಷ್ಟು ಸರಳವಾದ ಗುರುತು ಇಷ್ಟು ದೊಡ್ಡ ಪ್ರಶ್ನೆಗೆ ಉತ್ತರದ ದಾರಿ ತೋರುವುದು ನನಗೆ ಇಂದಿಗೂ ಬೆರಗು.

ಮಚ್ಚೆಯ ಆಕಾರ ಓರೆಕೋರೆಯಾದರೆ, ಅಂಚು ಮಸುಕಾದರೆ, ಬಣ್ಣ ಹಲವಾದರೆ, 6 ಮಿಲಿಮೀಟರ್ ಮೀರಿದರೆ, ರಕ್ತ ಒಸರಿದರೆ ಚರ್ಮವೈದ್ಯರಿಗೆ ತೋರಿಸಿ. ಎಲ್ಲಕ್ಕಿಂತ ಮುಖ್ಯ, ಬದಲಾವಣೆ. ನಲವತ್ತು ದಾಟಿದ ಮೇಲೆ ಹೊಸದಾಗಿ ಹುಟ್ಟಿದ್ದನ್ನು ಕಡೆಗಣಿಸಬೇಡಿ. ಹಲವು ಉಗುರುಗಳಲ್ಲಿ ಕಂದುಗೆರೆ ನಮ್ಮವರಲ್ಲಿ ಸಾಮಾನ್ಯ; ಒಂದೇ ಉಗುರಿನಲ್ಲಿ ಗೆರೆ ಅಗಲವಾಗುತ್ತ ಬುಡದ ಚರ್ಮಕ್ಕೂ ಹರಡಿದರೆ ತಡಮಾಡಬೇಡಿ.

ಶಂಕೆಯ ಮಚ್ಚೆಗೆ ಸುಣ್ಣ ಹಚ್ಚುವುದು, ಪಾರ್ಲರಿನಲ್ಲಿ ಸುಡಿಸುವುದು ಖಂಡಿತ ಬೇಡ. ಸುಟ್ಟದ್ದರಲ್ಲಿ ರೋಗಪರೀಕ್ಷಕರಿಗೆ ಓದಲು ಏನೂ ಉಳಿಯದು. ಶಿವಾಜಿನಗರದ ಬೌರಿಂಗ್ ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆ. ಮೆಲನೋಮಾ ಇನ್ನೂ ಮೇಲ್ಪದರದಲ್ಲೇ ಇದ್ದಾಗ ಸಿಕ್ಕಿಬಿದ್ದರೆ ಸಾಮಾನ್ಯವಾಗಿ ಸುತ್ತಲಿನ ಕೊಂಚ ಚರ್ಮದೊಂದಿಗೆ ಕತ್ತರಿಸಿ ತೆಗೆದರೆ ಸಾಕಾಗುತ್ತದೆ.