ಬಸ್ಸಿನಲ್ಲಿ ಮೊಬೈಲು ಮಾತು

ಮೊನ್ನೆ ನಾವು ಕುಂದಾಪುರದಿಂದ ಬೈಂದೂರಿನ ಬಸ್ಸು ಹತ್ತಿದ್ದೆವು. ಮುಂದಿನ ಆಸನದಲ್ಲಿದ್ದ ತಾಯಿಯೊಬ್ಬರು ಮಗಳ ಸಂಸಾರದ ಗುಟ್ಟೊಂದನ್ನು (ಏನೆಂಬುದನ್ನು ನಾವಿಲ್ಲಿ ಬರೆಯೆವು) ಮೊಬೈಲಿನಲ್ಲಿ ತಂಗಿಗೆ ಅರುಹುತ್ತಿದ್ದರು. “ಯಾರ್ ಹತ್ರೂ ಹೇಳ್ಬೇಡ ಮಾರಾಯ್ತಿ” ಎಂದು ಅವರು ಕೂಗಿ ಹೇಳಿದ್ದು ಹಿಂದಿನ ಬಾಗಿಲಿನ ಕಂಡಕ್ಟರಿಗೂ ಕೇಳಿಸಿತು. ಪರಿಚಿತರೆಂದು ತೋರುವ ನಾಲ್ವರು ಮುಖ ಮುಖ ನೋಡಿಕೊಂಡರು.

ವಾಚಕರು ಇಂಥವರನ್ನು ಅಸಭ್ಯರೆಂದು ಜರೆಯಬಾರದು. ಸುತ್ತಲೂ ಸದ್ದಿದ್ದರೆ ಮನುಷ್ಯನ ದನಿ ಅರಿವಿಲ್ಲದೆಯೇ ಏರುವುದೆಂಬುದನ್ನು ಲೊಂಬಾರ್ ಎಂಬ ಫ್ರೆಂಚ್ ವೈದ್ಯರು 1911ರಲ್ಲಿಯೇ ತೋರಿಸಿಕೊಟ್ಟರು. ಇಂಜಿನ್ನಿನ ಗದ್ದಲದಲ್ಲಿ ಆ ತಾಯಿಗೆ ತಮ್ಮ ಕೂಗು ತಿಳಿದಿರಲಾರದು. ಕೇಳುವವರ ತಪ್ಪೂ ಅಲ್ಲ. ಒಂದೇ ಕಡೆಯ ಮಾತು ಕಿವಿಗೆ ಬಿದ್ದರೆ ಗಮನವು ಹೆಚ್ಚು ಚದರುತ್ತದೆಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದರು.

ಮೊಬೈಲಿನಲ್ಲಿ ಜೋರಾಗಿ ಹಾಡು, ವೀಡಿಯೊ ಹಾಕುವುದನ್ನು ರಾಜ್ಯ ರಸ್ತೆ ಸಾರಿಗೆ ನಿಗಮವು 2021ರಲ್ಲಿ ನಿಷೇಧಿಸಿ, ಕೇಳದವರನ್ನು ಇಳಿಸಲು ಸಿಬ್ಬಂದಿಗೆ ಅಧಿಕಾರವಿತ್ತಿತು. ಆದರೆ ನಮ್ಮ ಕರಾವಳಿಯ ಬಸ್ಸುಗಳಲ್ಲಿ ಬಹಳಷ್ಟು ಖಾಸಗಿಯವು. ಮೇಲಾಗಿ, ಕಣ್ಣೀರಿಡುವ ತಾಯಿಯನ್ನು ಯಾವ ಕಂಡಕ್ಟರು ಇಳಿಸಿಯಾನು?

ನಮ್ಮ ಪಕ್ಕದ ಅಜ್ಜಿಯೊಬ್ಬರು ಮುಂದೆ ಬಾಗಿ, ಅವರ ಭುಜ ಮುಟ್ಟಿ, “ಮಗಾ, ಎಲ್ರೂ ಕೇಂತಿದ್ರ್. ಇಳ್ದ್ ಮಾತಾಡ್” ಎಂದು ಮೆಲ್ಲನೆ ಉಸುರಿದರು. ಆ ತಾಯಿ ಮೊಬೈಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕಿಟಕಿಯತ್ತ ತಿರುಗಿದರು. ತಲ್ಲೂರಿನಲ್ಲಿ ಇಳಿದವರು ಅಂಗಡಿಯೊಂದರ ಮಗ್ಗುಲಿಗೆ ಸರಿದು ಮತ್ತೆ ಕರೆ ಮಾಡುತ್ತಿದ್ದುದು ಬಸ್ಸು ಹೊರಡುವಾಗ ನಮಗೆ ಕಂಡಿತು. ಈ ಸಲ ಅವರ ಮಾತೊಂದೂ ಕೇಳಿಸಲಿಲ್ಲ.