ಪಿಗ್ಮಿಯ ನೆಲದಲ್ಲಿ ಸಾಲಮೇಳ ಗೆದ್ದಾಗ

2014ರ ಲೋಕಸಭಾ ಚುನಾವಣೆಗೆ ಮುನ್ನ ದಕ್ಷಿಣ ಕನ್ನಡದಲ್ಲಿ ಅಪರೂಪದ ಒಂದು ಮತದಾನ ನಡೆಯಿತು. ಕಾಂಗ್ರೆಸ್ ಟಿಕೆಟ್ ಯಾರಿಗೆಂದು ದೆಹಲಿ ಹೇಳಲಿಲ್ಲ. ಇಲ್ಲಿನ ಪಕ್ಷದವರೇ ಮತ ಹಾಕಿ ಆರಿಸಿದರು. ಅಮೆರಿಕದ ಪ್ರೈಮರಿಯ ಮಾದರಿಯನ್ನು ರಾಹುಲ್ ಗಾಂಧಿ ಕೆಲವೇ ಕ್ಷೇತ್ರಗಳಲ್ಲಿ ಪ್ರಯೋಗಿಸಿದ್ದರು. ಕರ್ನಾಟಕದಲ್ಲಿ ಆ ಅವಕಾಶ ಸಿಕ್ಕಿದ್ದು ಬೆಂಗಳೂರು ಉತ್ತರಕ್ಕೆ ಮತ್ತು ದಕ್ಷಿಣ ಕನ್ನಡಕ್ಕೆ.

ಕಣದಲ್ಲಿ ಎದ್ದು ಕಂಡ ಹೆಸರುಗಳು ಎರಡು. ಒಂದು ಬಿ. ಜನಾರ್ದನ ಪೂಜಾರಿ. 1980ರ ದಶಕದಲ್ಲಿ ಕೇಂದ್ರದ ಹಣಕಾಸು ರಾಜ್ಯ ಸಚಿವರಾಗಿ ಸಾಲಮೇಳಗಳನ್ನು ನಡೆಸಿ, ಬ್ಯಾಂಕಿನ ಮೆಟ್ಟಿಲು ಹತ್ತದ ಬಡವರ ಕೈಗೆ ಬಯಲಿನ ವೇದಿಕೆಯಲ್ಲೇ ಸಾಲ ಕೊಡಿಸಿದವರು. ಇನ್ನೊಂದು ಹರ್ಷ ಮೊಯಿಲಿ. ಹಳ್ಳಿಗಳಿಗೆ ಕಿರುಸಾಲ ಕೊಡುವ ಉದ್ಯಮ ಕಟ್ಟಿದವರು. ತಂದೆ ವೀರಪ್ಪ ಮೊಯಿಲಿ ಕಾರ್ಕಳದಿಂದ ಆರು ಬಾರಿ ಶಾಸಕರಾದವರು, ಮುಂದೆ ರಾಜ್ಯದ ತೆರಿಗೆ ಸುಧಾರಣಾ ಆಯೋಗದ ಅಧ್ಯಕ್ಷರೂ ಆದವರು. ಹರ್ಷ ತಮ್ಮನ್ನು ಮಿತವ್ಯಯದ ಅಭ್ಯರ್ಥಿ ಎಂದು ಕರೆದುಕೊಂಡಿರಲಿಲ್ಲ. ಆದರೂ ಈ ಪೈಪೋಟಿಯಲ್ಲಿ ಉಳಿತಾಯ ಮೊದಲೋ ಸಾಲ ಮೊದಲೋ ಎಂಬ ಕರಾವಳಿಯ ಹಳೆಯದೊಂದು ಜಗಳ ನನಗೆ ಕಾಣುತ್ತದೆ.

ಆ ಜಗಳದ ಬೇರು ಉಡುಪಿಯಲ್ಲಿದೆ. 1925ರಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ ಮತ್ತು ವಾಮನ ಕುಡ್ವ ಸೇರಿ ಶುರು ಮಾಡಿದ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಬಂತು ಪಿಗ್ಮಿ ಠೇವಣಿ. ಏಜೆಂಟರು ದಿನವೂ ಮನೆಗೆ, ಅಂಗಡಿಗೆ ಬಂದು ಎರಡಾಣೆಯನ್ನೂ ಕಟ್ಟಿಸಿಕೊಂಡು, ಕಾರ್ಡಿನಲ್ಲಿ ಬರೆದು ಸಹಿ ಹಾಕಿ ಹೋಗುತ್ತಿದ್ದರು. ನೇಕಾರರು, ಗೂಡಂಗಡಿಯವರು, ಮೀನು ಮಾರುವ ಹೆಂಗಸರು ಹೀಗೆ ದುಡ್ಡು ಕೂಡಿಟ್ಟರು. ಸಾಲವೂ ಅದೇ ದುಡ್ಡಿನಿಂದ ಹುಟ್ಟುತ್ತಿತ್ತು: ಮೊದಲು ಉಳಿಕೆ, ಆಮೇಲೆ ಹಂಚಿಕೆ.

ಸಾಲಮೇಳ ಈ ಕ್ರಮವನ್ನೇ ತಲೆಕೆಳಗು ಮಾಡಿತು. ಮರುಪಾವತಿಯ ಗತಿಯೇನು ಎಂದು ಬ್ಯಾಂಕಿನವರು ಗೊಣಗಿದರು. ಬಡವನನ್ನು ಯಾಕೆ ನಂಬುವುದಿಲ್ಲ ಎಂದು ಪೂಜಾರಿ ತಿರುಗಿ ಕೇಳಿದರು. ಆ ಪ್ರಶ್ನೆಗೆ ತೂಕವಿತ್ತು. ಅಡವಿಡಲು ಏನೂ ಇಲ್ಲದವನಿಗೆ ಆವರೆಗೆ ಬ್ಯಾಂಕು ಬಾಗಿಲು ತೆರೆದದ್ದು ಅಷ್ಟಕ್ಕಷ್ಟೆ.

ಒಳಚುನಾವಣೆಯಲ್ಲಿ ಪೂಜಾರಿ ಗೆದ್ದರು. ಮತ ಹಾಕಿದವರು ಪಕ್ಷದ ಪದಾಧಿಕಾರಿಗಳು, ಚುನಾಯಿತ ಪ್ರತಿನಿಧಿಗಳು. ಕೊಟ್ಟ ಕೈಯನ್ನು ಅವರು ಮರೆತಿರಲಿಲ್ಲ. ಆದರೆ ಊರಿಗೆ ಊರೇ ಮತ ಹಾಕಿದ ಲೋಕಸಭಾ ಚುನಾವಣೆಯ ಮೇ ತಿಂಗಳ ಫಲಿತಾಂಶದಲ್ಲಿ ಬಿಜೆಪಿಯ ನಳಿನ್ ಕುಮಾರ್ ಕಟೀಲ್ ಎದುರು ಅದೇ ಪೂಜಾರಿ 1.40 ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋತರು.

ಅಮೆರಿಕದಲ್ಲೂ ಮಿತವ್ಯಯದ ಮಾತಾಡುವವರ ಹಾದಿ ಕಠಿಣವೇ. 1992ರಲ್ಲಿ ಡೆಮಾಕ್ರಟಿಕ್ ಪಕ್ಷದ ಪಾಲ್ ಸಾಂಗಸ್, ಕೊರತೆ ಬಜೆಟ್ ಇರುವಾಗ ಮಧ್ಯಮ ವರ್ಗಕ್ಕೆ ತೆರಿಗೆ ಕಡಿತ ಕೊಡಲಾಗದು ಎಂದೇ ಹೇಳಿ ನ್ಯೂ ಹ್ಯಾಂಪ್‌ಶೈರ್ ಪ್ರೈಮರಿ ಗೆದ್ದರು. ಕೊನೆಗೆ ಅಧ್ಯಕ್ಷ ಅಭ್ಯರ್ಥಿಯಾದದ್ದು ಬಿಲ್ ಕ್ಲಿಂಟನ್. ಆದರೂ ಅಲ್ಲಿ ಸಾಮಾನ್ಯ ಮತದಾರನ ಮುಂದೆ ಆ ಮಾತು ಒಂದು ರಾಜ್ಯವನ್ನಾದರೂ ಗೆದ್ದಿತು. ನಮ್ಮ ಒಳಚುನಾವಣೆಯಲ್ಲಿ ಅದಕ್ಕೆ ಅಂಥ ಮತದಾರರೇ ಸಿಗಲಿಲ್ಲ.

ನನ್ನ ಬೇಸರ ಪೂಜಾರಿ ಗೆದ್ದದ್ದಕ್ಕಲ್ಲ, ಆ ಪ್ರಯೋಗ ಅಲ್ಲಿಗೇ ನಿಂತದ್ದಕ್ಕೆ. ಪಿಗ್ಮಿಯ ಬ್ಯಾಂಕೂ ಈಗಿಲ್ಲ: 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಉಡುಪಿಯಲ್ಲೇ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್ ಅದೇ ದಿನ ಯೂನಿಯನ್ ಬ್ಯಾಂಕ್ ಸೇರಿತು. ಮಣಿಪಾಲದಲ್ಲಿದ್ದ ಸಿಂಡಿಕೇಟ್ ಬ್ಯಾಂಕಿನ ಬೋರ್ಡನ್ನು ಮರಳಿ ತರಲಾಗದು. ಒಳಚುನಾವಣೆಯನ್ನು ಮಾತ್ರ ಎಲ್ಲ ಪಕ್ಷಗಳೂ ತರಬಹುದು. ಕಾಪುವಿನ ಮೀನುಗಾರನೂ ಕಾರ್ಕಳದ ಬೀಡಿ ಕಟ್ಟುವ ಹೆಂಗಸೂ ಪಕ್ಷದ ಸದಸ್ಯರಾಗಿ ಅಭ್ಯರ್ಥಿಯನ್ನು ಆರಿಸಲಿ. ದಿನದ ದುಡಿಮೆಯಲ್ಲಿ ಅಷ್ಟಿಷ್ಟು ಎತ್ತಿಟ್ಟು ಸಂಸಾರ ತೂಗಿಸಿದವರು, ಭರವಸೆಯ ಜೊತೆಗೆ ಅದಕ್ಕೆ ದುಡ್ಡು ಎಲ್ಲಿಂದ ಎಂಬುದನ್ನೂ ಹೇಳುವವರನ್ನು ಗೆಲ್ಲಿಸಿಯಾರು ಎಂದೇ ನಾನು ನಂಬುತ್ತೇನೆ.