ಹಳೆಯ ಬಂಡಿದಾರಿಗಳ ಜಾಡು

ಅಮೆರಿಕೆಯ ವಾಯೋಮಿಂಗ್ ಪ್ರಾಂತದ ಗರ್ನ್ಸಿ ಎಂಬ ಊರಿನ ಬಳಿ ಮರಳುಗಲ್ಲಿನ ದಿಣ್ಣೆಯೊಂದಿದೆ. 1840ರ ದಶಕದಿಂದ ಮೊದಲ್ಗೊಂಡು, ಹೊಸ ನೆಲವನ್ನರಸಿ ಪಶ್ಚಿಮಕ್ಕೆ ಹೊರಟ ಸಂಸಾರಗಳ ಬಂಡಿಗಳು ಆ ದಿಣ್ಣೆಯನ್ನು ಹತ್ತಿಳಿದುವು. ಗಾಲಿಗಳೂ ಗೊರಸುಗಳೂ ಆ ಮೆದುಗಲ್ಲನ್ನು ಕೆಲವೆಡೆ ಐದು ಅಡಿಗಳಷ್ಟು ಆಳಕ್ಕೆ ಸವೆಯಿಸಿವೆ. ಆ ದೇಶದವರು ಇಂಥ ಜಾಡುಗಳನ್ನು ನಡೆದು ಹುಡುಕಿ, ಅಳೆದು, ಭೂಪಟದಲ್ಲಿ ಗುರುತಿಸಿ ಕಾಪಾಡುತ್ತಿರುವರು. ಖಂಡವನ್ನು ದಾಟುವ ರೈಲುದಾರಿ 1869ರಲ್ಲಿ ಮುಗಿಯಿತು. ಅಲ್ಲಿಂದ ಮುಂದೆ ಬಂಡಿಗಳ ಕಾಲ ಇಳಿಯಿತು. ಕೆಲವೇ ದಶಕಗಳ ಸಂಚಾರಕ್ಕೆ ಅಷ್ಟು ಆದರ ಸಲ್ಲುವುದಾದರೆ, ಶತಮಾನಗಟ್ಟಲೆ ಎತ್ತುಗಳು ತುಳಿದ ನಮ್ಮ ದಾರಿಗಳ ವಿಷಯದಲ್ಲಿ ನಾವು ಏನು ಮಾಡಿದ್ದೇವೆ?

ದೃಷ್ಟಾಂತಕ್ಕೆ ನಾಲತವಾಡದ ಸೀಮೆಯನ್ನು ತೆಗೆದುಕೊಳ್ಳೋಣ. ಮುದ್ದೇಬಿಹಾಳ ತಾಲ್ಲೂಕಿನ ಈ ಊರಿಗೆ ಉತ್ತರದಲ್ಲಿ ತಾಳಿಕೋಟೆ, ದಕ್ಷಿಣದಲ್ಲಿ ಕೃಷ್ಣಾನದಿ, ನದಿಯಾಚೆಗೆ ಮುದ್ಗಲ್ಲಿನ ಕೋಟೆ. ವಿಜಾಪುರದವರಿಗೂ ವಿಜಯನಗರದವರಿಗೂ ತೀರದ ವ್ಯಾಜ್ಯವಾಗಿದ್ದ ದೋಆಬು ಇಲ್ಲಿಂದಲೇ ಆಚೆಗೆ ಪ್ರಾರಂಭ. 1565ರ ಜನವರಿ 23ರಂದು ನಡೆದ ಮಹಾಯುದ್ಧವನ್ನು ಇಂಗ್ಲಿಷ್ ಗ್ರಂಥಗಳು ತಾಳಿಕೋಟೆಯ ಕದನವೆನ್ನುತ್ತವೆ. ನಮ್ಮವರು ಇದೇ ತಾಲ್ಲೂಕಿನ ರಕ್ಕಸಗಿ-ತಂಗಡಗಿಗಳ ಹೆಸರಿನಿಂದ ಕರೆಯುತ್ತಾರೆ. ಕದನ ನಡೆದ ಸ್ಥಳ ಯಾವುದು? ಪಂಡಿತರಲ್ಲಿ ಇನ್ನೂ ಚರ್ಚೆಯುಂಟು.

ಈ ಚರ್ಚೆಯ ಕೀಲು ಇರುವುದು ದಾರಿಯಲ್ಲಿ. ಫೆರಿಷ್ತಾ ಹೇಳುವಂತೆ, ರಾಮರಾಯನ ಪಡೆ ಹಾಯಗಡವನ್ನು ಭದ್ರವಾಗಿ ಕಾಯುತ್ತಿತ್ತು. ಸುಲ್ತಾನರು ಬೇರೊಂದು ಹಾಯಗಡವನ್ನು ಹುಡುಕುವವರಂತೆ ದಡದುದ್ದಕ್ಕೂ ಸಾಗಿದರು. ಎದುರಿನ ದಡದಲ್ಲಿ ರಾಮರಾಯನ ಪಡೆಯೂ ಅವರನ್ನು ಹಿಂಬಾಲಿಸಿತು. ಆಗ ಅವರು ಥಟ್ಟನೆ ಹಿಂದಿರುಗಿ, ಮೊದಲಿನ ಸ್ಥಳದಲ್ಲಿಯೇ ನದಿಯನ್ನು ದಾಟಿಬಿಟ್ಟರು. 1900ರಲ್ಲಿ ವಿಜಯನಗರದ ಚರಿತ್ರೆಯನ್ನು ಪ್ರಕಟಿಸಿದ ರಾಬರ್ಟ್ ಸೂಯೆಲ್ಲರು ಆ ಹಾಯಗಡ ಇಂಗಳಗಿಯದೆಂದೂ, ಕದನವು ಅಲ್ಲಿಂದ ಮುದ್ಗಲ್ಲಿಗೆ ನೇರವಾಗಿ ಹೋಗುವ ದಾರಿಯಲ್ಲಿ, ಎಂದರೆ ನದಿಯ ದಕ್ಷಿಣಕ್ಕೆ, ನಡೆಯಿತೆಂದೂ ಊಹಿಸಿದರು. ಸುಲ್ತಾನರಲ್ಲಿ ಆರುನೂರು ತೋಪುಗಳಿದ್ದುವೆಂದು ಫೆರಿಷ್ತಾ ಬರೆದಿದ್ದಾನೆ. ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿದರೂ ಆಗಬಹುದು. ಆದರೆ ತೋಪಿನ ಗಾಲಿ ಕುದುರೆಯಂತೆ ಎಲ್ಲೆಂದರಲ್ಲಿ ನೀರಿಗಿಳಿಯಲಾರದು. ಅದಕ್ಕೆ ಇಳಿಜಾರಾದ ದಡ ಬೇಕು, ಗಟ್ಟಿಯಾದ ತಳ ಬೇಕು, ಆಚೆ ಹತ್ತಲು ಇಕ್ಕಟ್ಟಿಲ್ಲದ ದಾರಿ ಬೇಕು. ನಾವು ತರಗತಿಗಳಲ್ಲಿ ಈ ಯುದ್ಧದ ಕಾರಣಗಳನ್ನೂ ಪರಿಣಾಮಗಳನ್ನೂ ಬಾಯಿಪಾಠ ಮಾಡಿಸುತ್ತೇವೆ; ಸೈನ್ಯ ಯಾವ ದಾರಿಯಿಂದ ಬಂದಿತೆಂದು ಕೇಳುವ ವಿದ್ಯಾರ್ಥಿ ಅಪರೂಪ, ಕೇಳಿಸುವ ಅಧ್ಯಾಪಕ ಇನ್ನೂ ಅಪರೂಪ.

ಹಳೆಯ ದಾರಿಯನ್ನು ನೆಲದ ಮೇಲೆ ಗುರುತಿಸುವುದು ಹೇಗೆ? ಕಲ್ಲುನೆಲದಲ್ಲಿ ಕೆಲಸ ಸುಲಭ. ಬಂಡಿ ಹೋದಲ್ಲಿ ಎರಡು ಸಮಾಂತರ ತೋಡುಗಳು ಬೀಳುತ್ತವೆ; ಅವುಗಳ ನಡುವಿನ ಅಂತರವನ್ನು ಅನೇಕ ಕಡೆ ಅಳೆದು ಹೋಲಿಸಿದರೆ ಗಾಲಿಗಳ ಅಗಲ ತಿಳಿಯುತ್ತದೆ. ಹೇರೆತ್ತುಗಳು ಮಾತ್ರ ನಡೆದಲ್ಲಿ ತೋಡಿರುವುದಿಲ್ಲ, ಕಲ್ಲು ಹರವಾಗಿ ನಯವಾಗಿರುತ್ತದೆ. ಕಪ್ಪು ಎರೆನೆಲದ ಮಾತೇ ಬೇರೆ. ಎರೆ ಬೇಸಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬಿ ತನ್ನ ಮೇಲಣ ಗಾಯಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಆದರೂ ಬಹುಕಾಲ ತುಳಿದ ದಾರಿಯ ಸಡಿಲ ಮಣ್ಣನ್ನು ಮಳೆನೀರು ಕೊಚ್ಚಿಕೊಂಡು ಹೋಗಿ, ಅದು ಹೊಲಗಳ ಮಟ್ಟಕ್ಕಿಂತ ತಗ್ಗಿದ ಓಣಿಯಾಗುತ್ತದೆ. ಓಣಿಯೂ ಅಳಿದ ಮೇಲೆ ಬದುಗಳು ಉಳಿಯುತ್ತವೆ. ಗೋಲ್ಡ್‌ಸ್ಮಿಡ್, ವಿಂಗೇಟ್ ಎಂಬಿಬ್ಬರು 1830ರ ದಶಕದಲ್ಲಿ ಮುಂಬಯಿ ಪ್ರಾಂತದಲ್ಲಿ ರೂಪಿಸಿದ ಮೋಜಣಿಯ ಪದ್ಧತಿ ಮುಂದೆ ಈ ಭಾಗಕ್ಕೂ ಬಂದಿತು. ಅದರ ಗ್ರಾಮನಕ್ಷೆಗಳನ್ನು ಒಂದರ ಪಕ್ಕದಲ್ಲೊಂದು ಜೋಡಿಸಿ ನೋಡಬೇಕು. ಅನೇಕ ಸರ್ವೆ ನಂಬರುಗಳ ಬದುಗಳು ಊರಗಡಿಯನ್ನು ಲೆಕ್ಕಿಸದೆ ಒಂದೇ ಗೆರೆಯಲ್ಲಿ ಬಾಗುತ್ತ ಹೋದರೆ, ಅಲ್ಲೊಂದು ದಾರಿಯಿತ್ತೆಂದು ಶಂಕಿಸಲು ಅವಕಾಶವುಂಟು. ಆ ಗೆರೆಯ ಮೇಲೆ ಹಳೆಯ ಬಾವಿ, ಹನುಮಂತನ ಕಲ್ಲು, ಪಾಳುಬಿದ್ದ ಧರ್ಮಶಾಲೆ ಸಿಕ್ಕಿದರೆ ಶಂಕೆ ಬಲವಾಗುತ್ತದೆ. ಸಿಕ್ಕದಿದ್ದರೆ ಗೆರೆಯನ್ನು ಅಳಿಸುವ ಧೈರ್ಯವೂ ನಮಗಿರಬೇಕು.

ದಾರಿಯೆಂದೊಡನೆ ಬಂಡಿಯೇ ಮನಸ್ಸಿಗೆ ಬರುವುದು ಸಹಜ. ಆದರೆ ಒಂದೆರಡು ಶತಮಾನಗಳ ಹಿಂದೆ ಈ ಸೀಮೆಯ ಸರಕೆಲ್ಲ ಬಹುಮಟ್ಟಿಗೆ ಎತ್ತಿನ ಬೆನ್ನಿನ ಮೇಲೆಯೇ ಸಾಗುತ್ತಿತ್ತು. ಲಂಬಾಣಿಗಳ ಹೇರೆತ್ತುಗಳ ತಂಡಗಳಲ್ಲಿ ಹತ್ತು ಹನ್ನೆರಡು ಸಾವಿರ ಎತ್ತುಗಳಿರುತ್ತಿದ್ದುವೆಂದು 17ನೆಯ ಶತಮಾನದ ಫ್ರೆಂಚ್ ಪ್ರವಾಸಿ ತಾವರ್ನಿಯೆ ಬರೆದಿದ್ದಾನೆ. ಇಕ್ಕಟ್ಟಿನಲ್ಲಿ ಅವು ಎದುರಾದರೆ ಪ್ರಯಾಣಿಕರು ಎರಡು ಮೂರು ದಿನ ಕಾಯಬೇಕಾಗುತ್ತಿತ್ತಂತೆ. 1803ರಲ್ಲಿ ಮರಾಠರ ಮೇಲೆ ನಡೆದ ವೆಲ್ಲೆಸ್ಲಿಯ ಸೈನ್ಯ ಧಾನ್ಯಕ್ಕಾಗಿ ನೆಚ್ಚಿದ್ದುದು ಇವರನ್ನೇ. ಅತಿಭಾರವಾದ ವಸ್ತುಗಳಿಗೆ ಮಾತ್ರ ಗಾಲಿ ಅನಿವಾರ್ಯವಾಗಿತ್ತು. ರಾಯಚೂರಿನ ಕೋಟೆಗೋಡೆಯಲ್ಲಿ 1294ರ ಶಾಸನವುಳ್ಳ ನಲವತ್ತೊಂದು ಅಡಿ ಉದ್ದದ ಬಂಡೆಯಿದೆ. ಅದರ ಮಗ್ಗುಲಲ್ಲಿ, ಆ ಬಂಡೆಯನ್ನು ತುಂಡುಗಾಲಿಯ ಬಂಡಿಯ ಮೇಲಿಟ್ಟು ಕೋಣಗಳ ಸಾಲು ಎಳೆಯುವುದನ್ನೂ, ಆಳುಗಳು ಸನ್ನೆಗೋಲು ಕೊಟ್ಟು ಗಾಲಿಯನ್ನು ನೂಕುವುದನ್ನೂ ಗೆರೆಗಳಲ್ಲಿ ಕೊರೆದಿದ್ದಾರೆ. ಅರಸನ ಬಿರುದಾವಳಿಗಿಂತ ಈ ಗೆರೆಚಿತ್ರವೇ ನಮಗೆ ಹೆಚ್ಚು ಹೇಳುತ್ತದೆಂದರೆ ಶಾಸನತಜ್ಞರು ಮುನಿಯಬಾರದು.

ಈಗ ತೊಡಕಿನ ಮಾತಿಗೆ ಬರೋಣ. 1982ರಲ್ಲಿ ನಾರಾಯಣಪುರದ ಅಣೆಕಟ್ಟು ಪೂರ್ಣವಾದ ಮೇಲೆ ಕೃಷ್ಣೆಯ ಹಿನ್ನೀರು ಮೇಲಕ್ಕೆ ಬಹುದೂರ ಹಬ್ಬಿತು. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳವನ್ನು ನೀರಿನ ನಡುವೆ ಬಾವಿಯಂತೆ ಗೋಡೆ ಕಟ್ಟಿ ಉಳಿಸಿಕೊಂಡರು. ಹಾಯಗಡಗಳಿಗೆ ಅಂಥ ಗೋಡೆಯನ್ನು ಯಾರು ಕಟ್ಟುವರು? ಕಾಲುವೆಯ ನೀರು ಬಂದಲ್ಲಿ ರೈತರು ಹೊಲವನ್ನು ಸಮಮಾಡಿದರು, ತಗ್ಗಿನ ಓಣಿಗಳು ತುಂಬಿಹೋದುವು. ಇದಕ್ಕೆ ರೈತರನ್ನು ದೂರುವುದು ತಪ್ಪು. ಬರಗಾಲವನ್ನು ಕಂಡವರಿಗೆ ನೀರಿಗಿಂತ ಓಣಿ ಹೆಚ್ಚಿನದಲ್ಲ.

ಆದರೂ ಒಂದು ಸಾಧನ ಉಳಿದಿದೆ. 1960ರಿಂದ 1972ರವರೆಗೆ ಅಮೆರಿಕೆಯವರು ಕರೋನಾ ಎಂಬ ಗುಪ್ತ ಉಪಗ್ರಹಗಳಿಂದ ಭೂಮಿಯ ಛಾಯಾಚಿತ್ರಗಳನ್ನು ತೆಗೆದರು. 1995ರಲ್ಲಿ ಅವುಗಳ ಗೋಪ್ಯವನ್ನು ತೆಗೆದುಹಾಕಲಾಯಿತು. ಇರಾಕ್, ಸಿರಿಯಾ ಸೀಮೆಗಳಲ್ಲಿ ಐದು ಸಾವಿರ ವರ್ಷಗಳ ಹಿಂದಿನ ತಗ್ಗುದಾರಿಗಳನ್ನು ವಿದ್ವಾಂಸರು ಈ ಚಿತ್ರಗಳಿಂದಲೇ ಓದಿದ್ದಾರೆ. ಇವು ಅಣೆಕಟ್ಟಿಗೆ ಮೊದಲಿನ ಕಾಲದವು. ನಾಲತವಾಡದಿಂದ ನದಿಯವರೆಗಿನ ಚಿತ್ರಗಳನ್ನು ಹುಡುಕಿ ತರಿಸಿ, ಗ್ರಾಮನಕ್ಷೆಗಳೊಡನೆ ಹೊಂದಿಸಿದ ಮೇಲೆ, ಸುಗ್ಗಿ ಮುಗಿದು ಹೊಲ ಬರಿದಾಗಿರುವ ಏಪ್ರಿಲ್ ತಿಂಗಳಿನಲ್ಲಿ ಅಳತೆಯ ಸರಪಣಿ ಹಿಡಿದು ಹೊರಡಬೇಕು. ಊರಿನ ವೃದ್ಧರೊಬ್ಬರನ್ನು ಜೊತೆಯಲ್ಲಿ ಕರೆದುಕೊಂಡೇ ಹೊರಡಬೇಕು. ಅಣೆಕಟ್ಟಿಗೆ ಮುಂಚೆ ಹೊಳೆಯನ್ನು ಎಲ್ಲಿ ದಾಟುತ್ತಿದ್ದರೆಂಬುದನ್ನು ಕೈಚಾಚಿ ತೋರಿಸಬಲ್ಲವರು ಈಗ ಅರುವತ್ತು ದಾಟಿದವರು ಮಾತ್ರ.